ಖಾಲಿ ಕಡ್ಡಿಗೆ ಕುಣಿದ ಚಿಟ್ಟೆ

ಮಾರ್ಚ್ 4

ಇವತ್ತು ಆರುನೂರ ಹನ್ನೆರಡು. ಹೆಣ್ಣು ರೇಷ್ಮೆ ಚಿಟ್ಟೆಯ ಹೊಟ್ಟೆಯ ತುದಿ, ಅಕ್ಕಿಕಾಳಿನಷ್ಟು, ಕತ್ತರಿಸಿ ಶೀಷೆಗೆ ಹಾಕೋದು. ಮೂವತ್ತು ವರ್ಷ ಕಾಜಾ ಹೊಲಿದ ಕೈ, ತಪ್ಪಲ್ಲ. ಅದಕ್ಕೇ ತಾನೇ ಅಣ್ಣ ನನ್ನ ಟೈಲರಿಂಗ್ ಅಂಗಡಿ ಬಾಗಿಲು ಹಾಕಿಸಿ ಅವನ ಲ್ಯಾಬಿಗೆ ಎಳ್ಕೊಂಡು ಬಂದಿದ್ದು. “ಬೇರೆಯವರ ಕೈ ನಡುಗತ್ತೆ ಕಣೇ ಕತ್ರಿ.” ಕತ್ರಿ ಅಂತ ಹೆಸರಿಟ್ಟಿದ್ದೂ ಅವನೇ, ಚಿಕ್ಕಂದಿನಲ್ಲಿ. ಕೈ ನೋಡಿನೋ, ಬಾಯಿ ನೋಡಿನೋ... ಕೇಳಿಲ್ಲ.

ಆ ತುದಿಯಲ್ಲಿ ಗಂಡನ್ನು ಕರೆಯೋ ವಾಸನೆ ಇದೆ. ನಮ್ಮ ಮೂಗಿಗೆ ಸೊನ್ನೆ. ಅದು ಯಾವ ರಾಸಾಯನಿಕ ಅಂತ ಕಂಡುಹಿಡೀಬೇಕು. ಹದಿನಾರು ವರ್ಷದಿಂದ ಅಣ್ಣನಿಗೆ ಇದೇ ಹುಚ್ಚು.

ಮಾರ್ಚ್ 9, ಮಧ್ಯಾಹ್ನ

ತುದಿಗಳ ಸಾರ ಬೇರ್ಪಡಿಸಿ ಹನ್ನೊಂದು ಶೀಷೆ ಮಾಡಿದಾನೆ. ಒಂದೊಂದರಲ್ಲೂ ಗಾಜಿನ ಕಡ್ಡಿ ಅದ್ದಿ ಗಂಡು ಚಿಟ್ಟೆ ಹತ್ರ ಹಿಡಿಯೋದು. ಆರರವರೆಗೂ ಏನಿಲ್ಲ. ಏಳನೇದು — ಅಬ್ಬಾ! ರೆಕ್ಕೆ ಬಡಿದು ಗರಗರ ಸುತ್ತಿ ಕುಣೀತು. ಅಣ್ಣನೂ ಕುಣಿದ, ಆ ಅರವತ್ತರ ಮಂಡಿ ಇಟ್ಕೊಂಡು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು.

20ಕ್ಕೆ ಲ್ಯಾಬಿಗೆ ದುಡ್ಡು ಕೊಡೋ ದೊಡ್ಡ ಸಾಹೇಬ್ರು ಬಂದು ಕಣ್ಣಾರೆ ನೋಡ್ತಾರಂತೆ. ಒಪ್ಪಿದ್ರೆ ಸರಿ. ಇಲ್ಲಾಂದ್ರೆ ಲ್ಯಾಬಿಗೆ ಬೀಗ. ನಾಳೆಯಿಂದ ಕಡ್ಡಿ ಎತ್ಕೊಡೋಕೂ ನಾನೇ ಬೇಕಂತೆ.

ಮಾರ್ಚ್ 13

ಗ್ರಹಚಾರ. ಸಾರ ಮುಟ್ಟದ ಕಡ್ಡಿಗೂ ಕುಣೀತಿವೆ. ಖಾಲಿ ಕಡ್ಡಿಗೆ ಸುಮ್ಮನಿದ್ರೆ ತಾನೇ ಏಳನೇ ಶೀಷೆಗೆ ಬೆಲೆ? ಹತ್ತರಲ್ಲಿ ಎಂಟು ಕುಣಿದವು. ಅಣ್ಣ ಸ್ಟೂಲ್ ಮೇಲೆ ಕುಸಿದ. “ಏಳನೇದೂ ಸುಳ್ಳು ಕಣೇ ಹಾಗಾದ್ರೆ.” ಅತ್ತಿಗೆ ಕಳಿಸಿದ ಊಟದ ಡಬ್ಬಿ ಮುಚ್ಚಳ ಕೂಡ ತೆಗೀಲಿಲ್ಲ.

ಮಾರ್ಚ್ 17, ಬೆಳಿಗ್ಗೆ 11

ಮೂರು ದಿನ ಬರೀಲಿಲ್ಲ. ಗಾಜೆಲ್ಲ ತೊಳೆದ್ವಿ. ಗೋಡೆ ಒರೆಸಿದ್ವಿ. ಅಣ್ಣ ಗಡ್ಡಾನೂ ಬೋಳಿಸ್ಕೊಂಡ, ಅದಕ್ಕೇನಾದ್ರೂ ಹೆಣ್ಣಿನ ವಾಸನೆ ಅಂಟಿದೆಯೋ ಅಂತ. ಊಹೂಂ. ಕುಣೀತಾನೇ ಇವೆ.

ಈಗ ಡೈರಿ ಮೇಜಿನ ಮೇಲಿಟ್ಟೆ. ಟ್ರೇಯಿಂದ ಒಂದು ಗಂಡು ರೆಕ್ಕೆ ಬಡೀತಾ ನಡ್ಕೊಂಡು ಬಂತು. ಈ ಪುಟಾನೇ ಹತ್ತಿ ಕೂತಿದೆ. ಇನ್ನೊಂದೂ ಬಂತು...

ಅಯ್ಯೋ ದೇವರೇ.

ನನ್ನ ಏಪ್ರನ್ ಜೇಬು! ಚಿಟ್ಟೆ ಕತ್ತರಿಸಿದ ಕತ್ತರಿ, ಚಾಕು, ಡೈರಿ — ಹೊಲಿಗೆಯವಳ ಅಭ್ಯಾಸ, ಎಲ್ಲಾ ಜೇಬಿಗೆ. ತೊಳೆದ ಕಡ್ಡಿಗಳೂ ಅಲ್ಲೇ. ಅಲ್ಲಿಂದಾನೇ ಒಂದೊಂದಾಗಿ ತೆಗೆದು ಅಣ್ಣನ ಕೈಗೆ ಕೊಡ್ತಿದ್ದೆ. ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು.

ಮಧ್ಯಾಹ್ನ 2

ಹೇಳ್ಬಿಟ್ಟೆ. “ಅಣ್ಣ, ನಿನ್ನ ಹದಿನಾರು ವರ್ಷಕ್ಕೆ ಕಲ್ಲು ಹಾಕಿದ್ದು ನಾನೇ.”

ಡೈರಿ ನೋಡ್ದ. ಚಿಟ್ಟೆ ನೋಡ್ದ. ನನ್ನ ನೋಡ್ದ. ಬೈತಾನೆ ಅಂದ್ಕೊಂಡ್ರೆ ನಗೋದಾ! “ಅಂತೂ ನಿನ್ನ ಬರವಣಿಗೆಗೂ ಇಬ್ರು ಓದುಗರು ಸಿಕ್ರಲ್ಲೇ! ಏಳನೇದು ನಿಜ ಇರಬಹುದು ಕಣೇ ಕತ್ರಿ. ಸುಮ್ನೆ ನನ್ನ ಗಡ್ಡ ಹೋಯ್ತು ನೋಡು.”

ಅಳು ಬಂತು. ಏಪ್ರನ್‌ನಲ್ಲಿ ಕಣ್ಣು ಒರೆಸೋಕೆ ಹೋದೆ. “ಏ, ಅದನ್ನ ಮುಟ್ಬೇಡ!” ಅಂತ ಕೈ ಹಿಡ್ಕೊಂಡ. ತನ್ನ ಕರ್ಚೀಫ್ ಕೊಟ್ಟ. ಎಂಥಾ ಅಣ್ಣ ನನಗೆ.

ಮಾರ್ಚ್ 20, ಬೆಳಿಗ್ಗೆ 9.40

ಏಪ್ರನ್ ಸುಟ್ಟಾಯ್ತು. ಡೈರಿ ಸುಡೋಕೆ ಅಣ್ಣ ಬಿಡಲಿಲ್ಲ. ಗಾಜಿನ ಭರಣಿಗೆ ಹಾಕಿ ಮೇಣ ಮೆತ್ತಿ ಇಡ್ತಾನಂತೆ, ಓದಲ್ವಂತೆ. ಅಲ್ಲಿವರೆಗೆ ನಾನೂ ಡೈರಿನೂ ಹೊರಗೆ, ಅಂಗಳದ ಬೆಂಚಿನ ಮೇಲೆ. ಕಿಟಕಿ ಮುಚ್ಚಿದೆ, ಗಾಜಿನಲ್ಲಿ ಎಲ್ಲ ಕಾಣತ್ತೆ.

ಸಾಹೇಬ್ರು ಬಗ್ಗಿ ನೋಡ್ತಿದಾರೆ. ಮೊದಲು ಖಾಲಿ ಕಡ್ಡಿ. ಹತ್ತಕ್ಕೆ ಹತ್ತೂ ಸುಮ್ಮನೆ! ಒಂದೂ ಅಲ್ಲಾಡ್ಲಿಲ್ಲ.

ಈಗ ಏಳನೇ ಶೀಷೆ. ಅಣ್ಣನ ಕೈ ನಡುಗ್ತಿದೆ. ಕಡ್ಡಿ ಶೀಷೆ ಬಾಯಿಗೆ ಟಕಟಕ ಬಡೀತಿದೆ. ನಿಲ್ಲಿಸಿದ. ಕಿಟಕಿ ಕಡೆ ತಿರುಗಿ ಯಾರನ್ನೋ ಹುಡುಕ್ತಿದಾನೆ...

ನನ್ನನ್ನೇ. ಬಾ ಅಂತ ಕೈ ಮಾಡ್ತಿದಾನೆ. ಡೈರಿ ಇಲ್ಲೇ ಬಿಟ್ಟು, ಮೂರು ಸಲ ಸೋಪು ಹಚ್ಚಿ ಕೈ ತೊಳ್ಕೊಂಡು ಹೋಗ್ತೀನಿ, ಕಡ್ಡಿ ನಾನೇ ಹಿಡೀಬೇಕು.