ಸ್ಟೇರಿಂಗ್ ಹಿಡಿದಿದ್ದವನು ನಾನು

ಮಲ್ಲಿಕಾ,

ಅಣ್ಣಿಗೇರಿ ಸಂತೆಯ ದಿನ ಹೇಮಂತ ಸರ್ ಅವರ ಕಾರನ್ನು ಗೋಡೆಗೆ ಗುದ್ದಿದವನು ನಾನು. ಇದು ನಿನಗೂ ಗೊತ್ತು, ನನಗೂ ಗೊತ್ತು. ಊರಿಗೆ ಮಾತ್ರ ಇಷ್ಟು ತಿಂಗಳು ಬೇರೆಯೇ ಗೊತ್ತಿತ್ತು. ನಾನು ಯಾರ ಮುಂದೆಯೂ ಸುಳ್ಳು ಹೇಳಿಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಓಡಾಡಿದೆ. ಹೇಳಬೇಕಾದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದಕ್ಕೆ ಸುಳ್ಳು ಅನ್ನದೆ ಇನ್ನೇನು ಅನ್ನಬೇಕು?

ನಾನು ಸಾಲೆ ಬಿಟ್ಟ ಕಥೆ ನಿನಗೆ ಗೊತ್ತಿದೆ. ಒಂಬತ್ತನೇ ಇಯತ್ತೆಯಲ್ಲಿ ನಾನು ಒಡೆಯದ ಕಿಟಕಿ ಗಾಜಿಗೆ ತಪ್ಪಾಯಿತು ಅನ್ನು ಎಂದರು ಮಾಸ್ತರರು. ಅನ್ನಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಂದವನು ತಿರುಗಿ ಹೋಗಲಿಲ್ಲ. ‘ಈ ಹುಡುಗ ಸಾಲಿ ಬಿಟ್ಟಾನ, ಖರೇ ಮಾತ ಬಿಟ್ಟಿಲ್ಲ’ ಎಂದು ನಿನ್ನ ಅಪ್ಪ ಉಡಚಪ್ಪ ಕಾಕಾ ಚಹಾದಂಗಡಿಯಲ್ಲಿ ಹೇಳುವಾಗ ನನಗೆ ಎಷ್ಟು ಹಿಗ್ಗು ಆಗುತ್ತಿತ್ತು.

ನಮ್ಮ ಟೆಂಪೋದ ಮೇಲೆ ನೀನು ಗಾಡಿ ಕಲಿತದ್ದು ಕಡಲೆ ರಾಶಿ ಮುಗಿದು ಹೊಲ ಖಾಲಿ ಬಿದ್ದಾಗ. ಆ ಹಳೆಯ ಟೆಂಪೋದ ಕ್ಲಚ್ಚು ಒಮ್ಮೆ ತುಳಿದರೆ ಕೇಳುವುದಿಲ್ಲ. ಒದ್ದು, ಕಾಲೆತ್ತಿ, ಮತ್ತೊಮ್ಮೆ ತಳದವರೆಗೆ ಒದ್ದರೆ ಮಾತ್ರ ಗೇರು ಬೀಳುತ್ತದೆ. ‘ಇದು ಕ್ಲಚ್ಚೋ, ಬೀಸೂ ಕಲ್ಲೋ?’ ಎಂದು ಮೊದಲ ದಿನವೇ ನೀನು ಬೈದೆ. ‘ತುಳಿ ಬೇ, ಅದಕ್ಕೇನ ನೋವಾಗೂದಿಲ್ಲ’ ಎಂದೆ ನಾನು. ‘ನನಗ ಆಗತೈತಲೇ!’ ಎಂದು ನೀನು ಕೂಗಿದೆ. ಕೆಲವೇ ವಾರಗಳಲ್ಲಿ ನೀನು ಚೀಲ ಹೇರಿದ ಗಾಡಿಯನ್ನು ಕಾಲುವೆಯ ಏರಿ ಮೇಲೆ ಒಮ್ಮೆಯೂ ಬಂದ್ ಬೀಳಿಸದೆ ಹತ್ತಿಸಿದೆ. ನನಗೆ ಅದು ಬರಲು ಒಂದು ವರ್ಷ ಬೇಕಾಗಿತ್ತು. ಅಂದು ನಿನಗೆ ಹೇಳಲಿಲ್ಲ, ಈಗ ಹೇಳುತ್ತೇನೆ. ಲೈಸೆನ್ಸ್ ಬಂತು. ಸಾಲೆಯ ಕಮಿಟಿಯ ಹನಮಂತಪ್ಪನವರು ಜೂನ್‌ನಿಂದ ಹುಡುಗರ ವ್ಯಾನು ನಿನ್ನ ಕೈಗೆ ಕೊಡಲು ಒಪ್ಪಿದರು. ‘ಹೆಣ್ಣಮಗಳಾದ್ರ ಚಲೋ ಆತು, ಸಣ್ಣ ಕೂಸುಗಳು ಅಂಜೂದಿಲ್ಲ’ ಎಂದರಂತೆ.

ಅದೇ ದಿನಗಳಲ್ಲಿ ನಾನು ಹೇಮಂತ ಸರ್ ಅವರ ಕಾರು ಓಡಿಸಲು ಶುರು ಮಾಡಿದೆ. ಅವರು ಬ್ಯಾಂಕಿನಲ್ಲಿರುವವರು, ಮೊಣಕಾಲು ನೋವು, ಅದಕ್ಕೇ ಕ್ಲಚ್ಚಿಲ್ಲದ ಕಾರು ತಂದಿದ್ದರು. ಮುಂಜಾನೆ ಟೆಂಪೋ, ಸಂಜೆ ಆ ಕಾರು. ಬಲಗಾಲು ಬೇಗ ಕಲಿಯಿತು. ಎಡಗಾಲು ಕಲಿಯಲಿಲ್ಲ. ಅದಕ್ಕೆ ಅಲ್ಲಿ ಕೆಲಸವೇ ಇಲ್ಲ, ಆದರೂ ಸುಮ್ಮನಿರುತ್ತಿರಲಿಲ್ಲ. ಕ್ಲಚ್ಚು ಇರಬೇಕಾದ ಕಡೆ ಆ ಕಾರಿನಲ್ಲಿ ಅಗಲವಾದ ಬ್ರೇಕು ಚಾಚಿಕೊಂಡಿರುತ್ತದೆ. ಹಾಗಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ಆ ಕಾರು ಹತ್ತುವಾಗ ಎಡಗಾಲಿನ ಚಪ್ಪಲಿ ಬಿಚ್ಚಿ, ಬರಿಗಾಲನ್ನು ಸೀಟಿನ ಕೆಳಗೆ ಹಿಂದಕ್ಕೆ ಎಳೆದುಕೊಂಡು ಕೂರುವುದು. ನೆಲದ ತಂಪು ತಗುಲುತ್ತಿದ್ದರೆ ಇದು ಬೇರೆ ಗಾಡಿ ಎಂಬುದು ಕಾಲಿಗೆ ನೆನಪಿರುತ್ತದೆ. ಇದನ್ನು ನಿನ್ನೊಬ್ಬಳಿಗೇ ಹೇಳಿದ್ದೆ. ‘ಒಂದ ಕಾಲಿನ ಚಪ್ಪಲಿ ಬಿಟ್ಟ ಯಾವ ದೇವರಿಗೆ ಹೊಂಟೀಯಲೇ?’ ಎಂದು ನೀನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಆ ದಿನ ನಸುಕಿನಿಂದ ಟೆಂಪೋದಲ್ಲಿ ಉಳ್ಳಾಗಡ್ಡಿ ಚೀಲ ಸಾಗಿಸಿದ್ದೆ. ಆಮೇಲೆ ಸರ್ ಕಾರನ್ನು ಅಣ್ಣಿಗೇರಿಗೆ ಒಯ್ದು ತೊಳೆಸಿಕೊಂಡು ಬಾ ಎಂದರು. ತೊಳೆಸಿಕೊಂಡು ತಿರುಗಿದಾಗ ನೀನು ರಸ್ತೆ ಬದಿ ನಿಂತಿದ್ದೆ, ಕೈಯಲ್ಲಿ ವ್ಯಾನಿನ ಕೆಲಸಕ್ಕೆಂದು ತೆಗೆಸಿದ ಲೈಸೆನ್ಸಿನ ಝೆರಾಕ್ಸ್. ‘ಹತ್ತು, ಊರಿಗೆ ಬಿಡ್ತೀನಿ’ ಎಂದೆ. ಅಂದು ನಾನು ಹೊಸ ಬೂಟು ಹಾಕಿದ್ದೆ. ನಿನ್ನ ಪಕ್ಕದಲ್ಲಿ ಒಂದು ಬೂಟು ಬಿಚ್ಚಿಟ್ಟು ಕೂರಲು ನಾಚಿಕೆಯಾಯಿತು. ನೀನು ಹತ್ತಿದವಳೇ ಕೆಳಗೆ ನೋಡಿ ‘ಬೂಟ ಬಿಚ್ಚೂದಿಲ್ಲೇನ?’ ಎಂದೆ.

‘ಈಗ ಕೈ ಕೂತೈತಿ, ಸುಮ್ಮನ ಕೂಡ್ರು.’

‘ಕೈದಲ್ಲಲೇ, ನಾ ಕೇಳಿದ್ದು ಕಾಲಿಂದು.’

ಸಂತೆಯ ತಿರುವಿನಲ್ಲಿ ತಳ್ಳುಗಾಡಿಯೊಂದು ಅಡ್ಡ ಬಂತು. ವೇಗ ಇಳಿಸಬೇಕು ಎಂದುಕೊಂಡದ್ದಷ್ಟೇ ನೆನಪು. ನನ್ನ ಮೈಯೆಲ್ಲ ಆ ಗಳಿಗೆಯಲ್ಲಿ ಟೆಂಪೋದಲ್ಲಿತ್ತು. ಎಡಗಾಲು ಕ್ಲಚ್ಚೆಂದು ಬ್ರೇಕನ್ನು ಒದ್ದಿತು. ಕಾರು ನಿಂತಲ್ಲೇ ನಿಂತಿತು, ನಿನ್ನ ಬಾಯಿ ಮುಂದಿನ ಡ್ಯಾಶ್‌ಬೋರ್ಡಿಗೆ ಹೋಗಿ ಬಡಿಯಿತು. ಅಲ್ಲಿಗೆ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಎರಡನೇ ಸಲ ಒದೆಯುವ ರೂಢಿ ಇದೆಯಲ್ಲ, ಅದಕ್ಕಾಗಿ ಎಡಗಾಲು ಮೇಲೆತ್ತಿದೆ. ಮುಗ್ಗರಿಸಿದ ಭಾರವೆಲ್ಲ ಆಗ ಬಲಗಾಲಿನ ಮೇಲೆ, ಬಲಗಾಲು ಎಕ್ಸಲರೇಟರ್ ಮೇಲೆ. ಕಾರು ಎಡಕ್ಕೆ ಜಿಗಿದು, ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಸಣ್ಣವ್ವನ ಬುಟ್ಟಿಗಳನ್ನು ತುಳಿದು ಕಲ್ಲಿನ ಗೋಡೆಗೆ ಗುದ್ದಿತು.

ಸಣ್ಣವ್ವ ಕಾರಿನಡಿ ಸಿಕ್ಕಳೇನೋ ಎಂದು ನಾನು ಹಾರಿ ಇಳಿದೆ. ಅವಳು ಆಚೆಗಿದ್ದಳು, ಏನೂ ಆಗಿರಲಿಲ್ಲ. ನಿನ್ನ ಕಡೆಯ ಬಾಗಿಲು ಗೋಡೆಗೆ ಒತ್ತಿಕೊಂಡಿತ್ತು. ಹೊರಗೆ ಬರಲೆಂದು ನೀನು ಸರಿದು ನನ್ನ ಸೀಟಿಗೆ ಬಂದೆ. ನಾನು ಬಗ್ಗಿ ನೋಡಿ ತಲೆ ಎತ್ತುವಷ್ಟರಲ್ಲಿ ಮಂದಿ ಸೇರಿದ್ದರು. ಅವರಿಗೆ ಕಂಡದ್ದು ಸ್ಟೇರಿಂಗಿನ ಮೇಲೆ ನಿನ್ನ ಕೈ, ತುಟಿಯಲ್ಲಿ ರಕ್ತ, ಹೊರಗೆ ನಿಂತ ನಾನು.

‘ಗಾಡಿ ಬರದಿದ್ರ ಮನ್ಯಾಗ ರೊಟ್ಟಿ ಬಡೀಬೇಕವಾ! ನನ್ನ ಕೊತ್ತಂಬರಿ ಹೋತು ಹೋಗ್ಲಿ, ನಾನ ಹೋಗಿದ್ರ?’ ಎಂದು ಸಣ್ಣವ್ವ ಶುರು ಮಾಡಿದಳು. ಅದಕ್ಕೂ ಕೆಟ್ಟ ಮಾತುಗಳನ್ನು ಆಡಿದಳು. ಯಾರೋ ನನ್ನ ಹೆಗಲ ಮೇಲೆ ಕೈಯಿಟ್ಟು, ‘ಕಲಿಯೂ ಹುಡುಗಿ ಕೈಯಾಗ ಯಾಕ ಕೊಟ್ಟೆಪಾ?’ ಎಂದರು. ನೀನು ನನ್ನ ಬಾಯಿಯನ್ನೇ ನೋಡುತ್ತಿದ್ದೆ. ನಾನು ಬಗ್ಗಿ ಕೊತ್ತಂಬರಿ ಸೂಡು ಆರಿಸತೊಡಗಿದೆ.

ಸರ್ ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿದೆ ಅಂದರೆ ಅರ್ಧ ಮಾತು. ನನಗೆ ಬರುವುದು ಗಾಡಿ ಓಡಿಸುವುದೊಂದೇ. ಅದೂ ಬರುವುದಿಲ್ಲ ಎಂದು ಸಂತೆಯ ನಡುವೆ ಅನ್ನಿಸಿಕೊಳ್ಳಲು ಆಗಲಿಲ್ಲ. ಆ ಮಾತು ನಿನ್ನ ಮೇಲೆ ಬೀಳುವುದನ್ನು ನೋಡುತ್ತ ನಿಂತೆ. ಹನಮಂತಪ್ಪನವರು ವ್ಯಾನಿನ ಮಾತು ಎತ್ತಲೇ ಇಲ್ಲ. ಜೂನ್‌ನಲ್ಲಿ ನೀನು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದೆ. ನೀನಾದರೂ ಖರೇ ಹೇಳಬಹುದಿತ್ತು, ಹೇಳಲಿಲ್ಲ. ಯಾಕೆ ಎಂದು ಕೇಳುವ ಯೋಗ್ಯತೆ ನನಗಿಲ್ಲ.

ಹೋದ ವಾರ ನಿಮ್ಮ ಹೊಲದ ಹತ್ತಿರ ನನ್ನ ಟೆಂಪೋ ಎರೆ ಮಣ್ಣಿನಲ್ಲಿ ಹೂತುಕೊಂಡಿತು. ಬದುವಿನ ಮೇಲೆ ನಿನ್ನನ್ನು ಕಂಡು ಕೂಗಿದೆ. ‘ಮಲ್ಲಿಕಾ, ಸ್ವಲ್ಪ ಮುಂದ ತಗೀ, ನಾ ಹಿಂದಿಂದ ನೂಕತೀನಿ.’ ನೀನು ಎರಡೂ ಕೈಗಳನ್ನು ದುಪಟ್ಟಾದೊಳಗೆ ಸೇರಿಸಿಕೊಂಡೆ. ‘ನನಗ ಗಾಡಿ ಬರೂದಿಲ್ಲೋ. ಯಾರರ ಗಂಡಸರನ್ನ ಕರಿ’ ಎಂದೆ.

ನಿನ್ನ ದನಿಯಲ್ಲಿ ಸಿಟ್ಟು ಹುಡುಕಿದೆ. ಕೊಂಕಾದರೂ ಇದೆಯೇ ಎಂದು ನೋಡಿದೆ. ಇರಲಿಲ್ಲ. ನಿಜವಾಗಿಯೇ ಬರುವುದಿಲ್ಲ ಎಂಬಂತೆ ನೀನು ಹೇಳಿ ಹೋದೆ.

ಇಂದು ಎಲ್ಲರ ಹತ್ತಿರ ಹೋಗಿ ಖರೇ ಹೇಳಿ ಬಂದೆ. ‘ಇನ್ಶೂರೆನ್ಸ್ ಬಂದು ಎಷ್ಟೋ ದಿನ ಆತು, ಈಗ್ಯಾಕ ಇದೆಲ್ಲಾ?’ ಎಂದರು ಹೇಮಂತ ಸರ್. ಹನಮಂತಪ್ಪನವರು ಕೇಳುತ್ತ ಕೈಯಲ್ಲಿದ್ದ ಅಡಿಕೆ ಕತ್ತರಿಸಿದರು. ‘ವ್ಯಾನಿಗೆ ಬ್ಯಾರೆ ಮನಿಷ್ಯಾ ಬಂದಾನಲ್ಲೋ’ ಎಂದರು. ಅಣ್ಣಿಗೇರಿಗೆ ಹೋಗಿ ಸಣ್ಣವ್ವನಿಗೂ ಹೇಳಿದೆ. ಅವಳು ಕೈಯಲ್ಲಿದ್ದ ಸೂಡನ್ನು ಕೆಳಗಿಟ್ಟಳು. ‘ನಿನಗ ಹತ್ತಬೇಕಾದ ಬೈಗಳು ಆ ಕೂಸಿಗೆ ಹತ್ತಿದ್ವು. ಅವನ್ನ ಈಗ ಹೆಂಗ ಬಿಡಸ್ತಿ, ಹೇಳು’ ಎಂದಳು.

ನಿನ್ನ ಮುಂದೆ ನಿಂತು ಹೇಳುವ ಧೈರ್ಯವಾಗಲಿಲ್ಲ. ಫೋನ್ ಮಾಡಿದರೆ ‘ಹೋಗ್ಲಿ ಬಿಡು’ ಎಂದುಬಿಡುತ್ತೀಯ, ಅದನ್ನು ಕೇಳುವ ಮನಸ್ಸಿಲ್ಲ. ಈ ಕಾಗದವನ್ನು ಉಡಚಪ್ಪ ಕಾಕಾನ ಕೈಯಲ್ಲಿ ಅಂಟಿಸದೆ ಹಾಗೇ ಕೊಡುತ್ತೇನೆ, ಅವರೂ ಓದಲಿ. ಕ್ಷಮಿಸು ಎಂದು ಬರೆದು ಹೊಡೆದು ಹಾಕಿದೆ. ಹಾಗೆ ಕೇಳಿದರೆ ಮತ್ತೆ ನಿನ್ನ ಮೇಲೆಯೇ ಒಂದು ಭಾರ ಹೊರಿಸಿದಂತೆ.

ನೀನು ಗಾಡಿ ಮುಟ್ಟುವುದು ಬಿಡುವುದು ನಿನ್ನ ಇಷ್ಟ. ಬರುವುದಿಲ್ಲ ಎಂದು ಮಾತ್ರ ಯಾರ ಮುಂದೆಯೂ ಅನ್ನಬೇಡ. ನಿನಗೆ ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ. ಒಳ್ಳೆಯ ರಸ್ತೆ, ಮಾತು ಉಳಿಸಿಕೊಳ್ಳುವ ಮಂದಿ ನಿನಗೆ ಸಿಗಲಿ.

ಕಾಳು ಒಕ್ಕುವ ರಾಶಿ ಮಷೀನಿನವರ ಸಂಗಡ ಕೆಲಸ ಒಪ್ಪಿಕೊಂಡಿದ್ದೇನೆ. ನಾಳೆ ಮುಂಜಾನೆ ಸಿಂಧನೂರಿಗೆ ಹೊರಡುತ್ತೇನೆ.

ನಿಮ್ಮ ಓಣಿಯ
ಸುದೀಪ