ಎಲ್ವಿಯೊ ಅವರ ಏಳು ಗೋಲು

೧೪ ಮೇ ೨೦೧೫, ಗುರುವಾರ, ಅಬುಧಾಬಿ

ಎಲ್ವಿಯೊ ಅವರ ಮುಖ ಕಣ್ಣ ಮುಂದಿಂದ ಹೋಗುತ್ತಿಲ್ಲ. ಆ ಇಟಲಿಯ ಆಟಗಾರ ಇವತ್ತು ಫುಟ್‌ಬಾಲಿಗೆ ವಿದಾಯ ಹೇಳಿದರು. ಬೀಳ್ಕೊಡುಗೆ ಸಮಾರಂಭದಲ್ಲಿ ಓದಲು ನಮ್ಮ ಕ್ಲಬ್ಬಿನ ಪರವಾಗಿ ಅವರ ಪರಿಚಯ ಬರೆದವಳು ನಾನು. ಹತ್ತೊಂಬತ್ತು ವರ್ಷ ಮಿಡ್‌ಫೀಲ್ಡಿನಲ್ಲಿ ಓಡಿ, ಗೋಲು ಹೊಡೆಯುವವರ ಕಾಲಿಗೆ ಅವರು ಚೆಂಡು ಮುಟ್ಟಿಸುತ್ತಿದ್ದ ರೀತಿಯನ್ನೇ ಮೊದಲು ಬರೆದಿದ್ದೆ.

"ಇದನ್ನೆಲ್ಲ ಯಾರು ಕೇಳ್ತಾರೆ ಮಾರಾಯ್ತಿ? ಗೋಲೆಷ್ಟು ಅಂತ ಬರೆ, ಖಲಾಸ್," ಎಂದರು ಮ್ಯಾನೇಜರ್ ಹರ್ಬರ್ಟ್ ಸರ್. ಎದುರಾಡದೆ ಎಲ್ಲ ಅಳಿಸಿ, 'ಒಟ್ಟು ಏಳು ಗೋಲು' ಎಂದು ಬರೆದುಕೊಟ್ಟೆ.

ವೇದಿಕೆಯಲ್ಲಿ ಅದನ್ನು ಓದಿದಾಗ ಹಿಂದಿನ ಸಾಲಿನವರು 'ಏಳೇ ಏಳಾ?' ಎಂದು ನಕ್ಕರು.

ಆಮೇಲೆ ಎಲ್ವಿಯೊ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನೀವು ಎಲ್ಲ ಮ್ಯಾಚ್ ನೋಡ್ತಿದ್ರಿ, ಅಲ್ವಾ?"

ತಲೆಯಾಡಿಸಿದೆ. ಹರ್ಬರ್ಟ್ ಸರ್ ಹೆಸರು ಬಾಯಿಯವರೆಗೆ ಬಂತು, ಹೇಳಲಿಲ್ಲ. ಅಳಿಸಿದ್ದು ನಾನೇ ತಾನೆ.