ಸಂದರ್ಭ: ಆರೈಕೆ

ಆಸ್ಪತ್ರೆಯ ದಾಖಲೆ ವಿಭಾಗದ ಅಧಿಕಾರಿಗಳಿಗೆ,

ಮಾನ್ಯರೇ,

ಮೂವತ್ತನಾಲ್ಕು ವರ್ಷ ಭಾಷಾ ಶಿಕ್ಷಕಿಯಾಗಿದ್ದು ನಿವೃತ್ತಳಾದ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನನ್ನು ನೋಡಿಕೊಳ್ಳುತ್ತಿದ್ದ ತಂಗಿಗೆ ‘ಆರೈಕೆ’ ಎಂಬ ಸಂದರ್ಭದಡಿ (ಕಡತ ನೋಡುವ ಕಾರಣಕ್ಕೆ ನಿಮ್ಮಲ್ಲಿರುವ ಹೆಸರು) ನಿಮ್ಮ ಗಣಕಯಂತ್ರದಲ್ಲಿ ನನ್ನ ಚಿಕಿತ್ಸೆಯ ಕಡತ ತೆರೆಯುವ ಅನುಮತಿಯಿತ್ತು. ಅವಳು ತೀರಿಕೊಂಡು ಎರಡು ತಿಂಗಳಾಯಿತು. ಆದರೂ ದಿನವೂ ಬೆಳಿಗ್ಗೆ ನನ್ನ ಮೊಬೈಲಿಗೆ ಸಂದೇಶ ಬರುತ್ತದೆ: “ನಿಮ್ಮ ಕಡತ ನೋಡಿದವರು: ತಂಗಿ. ಸಂದರ್ಭ: ಆರೈಕೆ.”

ವಿಚಾರಿಸಿದಾಗ ನಿಮ್ಮ ಗುಮಾಸ್ತರು, “ಟೀಚರಮ್ಮ, ಹೆದರ್ಬೇಡಿ, ಅದು ತಾನಾಗೇ ತೆರ್ಕೊಳ್ಳುತ್ತೆ. ಆ ಸಂದರ್ಭಕ್ಕೆ ಕೊನೇ ದಿನಾಂಕ ಹಾಕೋದು ಮರ್ತಿದ್ದೀವಿ, ಹಾಕ್ಬಿಡ್ತೀವಿ” ಎಂದರು.

ಸಂದರ್ಭ ಬರೆಯದೆ ಸ್ವಾರಸ್ಯ ವಿವರಿಸಿದ ಉತ್ತರಕ್ಕೆ ನಾನು ಎಂದೂ ಪೂರ್ಣ ಅಂಕ ಕೊಟ್ಟವಳಲ್ಲ. ಅಪೂರ್ಣವಾದುದನ್ನು ಹಾಗೆಯೇ ಬಿಡಿರೆಂದು ಯಾರನ್ನೂ ಬೇಡಿದವಳಲ್ಲ. ಈಗ ಬೇಡುತ್ತಿದ್ದೇನೆ: ಆ ದಿನಾಂಕವನ್ನು ದಯವಿಟ್ಟು ಹಾಕಬೇಡಿ.

ಇತಿ,
ನಿವೃತ್ತ ಭಾಷಾ ಶಿಕ್ಷಕಿ

ಲಗತ್ತು: ಅರವತ್ತೊಂದು ಸಂದೇಶಗಳ ನಕಲು. ಆ ದಿನಾಂಕ ಹಾಕಲು ಗುಮಾಸ್ತರು ಕೇಳಿದ ತಂಗಿಯ ಮರಣ ಪ್ರಮಾಣಪತ್ರವನ್ನು ಲಗತ್ತಿಸಿಲ್ಲ.